ಕಮಿಟಿ ಅಮ್ಮಂದಿರ ಧನುರ್ಮಾಸ

ಶಿಡ್ಲಘಟ್ಟಕ್ಕೆ ಸಂಸಾರ ತಂದ ಮೇಲೆ ನಾನು ಒಬ್ಬಳೇ ಮನೆಯಿಂದ ಹೊರಗೆ ಹೋಗುತ್ತಿದ್ದದ್ದು ಎರಡೇ ಕಡೆಗೆ. ಒಂದು ದೇವಸ್ಥಾನ, ಇನ್ನೊಂದು ಮಹಿಳಾ ಸಮಾಜ. ಸಮಾಜಕ್ಕೆ ನಾನಾಗಿ ಹೋದವಳಲ್ಲ. ಎದುರು ಮನೆಯ ವಕೀಲರ ಹೆಂಡತಿ ಒಂದು ಶುಕ್ರವಾರ ನಮ್ಮ ಹೊಸ್ತಿಲಾಚೆ ನಿಂತು, "ಏನಮ್ಮ, ಊಟ ಆದ್ಮೇಲೆ ಮಲಗ್ತೀಯೋ, ಇಲ್ಲ ನಾಲ್ಕು ಜನಕ್ಕೆ ಆಗೋ ಕೆಲಸ ಏನಾದ್ರೂ ಮಾಡ್ತೀಯೋ?" ಎಂದು ಕೇಳಿದರು. ಮಲಗುತ್ತೇನೆ ಎನ್ನಲು ನಾಚಿಕೆಯಾಯಿತು. ಸೆರಗು ಹೊದ್ದು ಹೊರಟೆ. ಹಾಗೆ ಹೋದವಳು ಕಮಿಟಿಯಲ್ಲೇ ಉಳಿದೆ.

ಅವರೇ ಅಧ್ಯಕ್ಷೆ. ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಮಡಿ ಎಂದರೆ ಅವರದು. ಬೆಳಗಿನ ಅಡುಗೆ ಮುಗಿಯುವ ತನಕ ಸ್ವಂತ ಮೊಮ್ಮಕ್ಕಳೂ ಅವರ ಸೀರೆ ಮುಟ್ಟುವಂತಿರಲಿಲ್ಲ. ಕಾರ್ಯದರ್ಶಿ, ಹೆಣ್ಣುಮಕ್ಕಳ ಸ್ಕೂಲಿನಿಂದ ನಿವೃತ್ತರಾದ ಟೀಚರಮ್ಮ. ಅವರ ಬಾಯಲ್ಲಿ ಯಾವಾಗಲೂ ಒಂದು ನಿಯಮ ಇರುತ್ತಿತ್ತು. ಮೂರನೆಯವರು ದಿಬ್ಬೂರಹಳ್ಳಿಯ ಗೌಡರ ಮನೆಯವರು. ಮಕ್ಕಳ ಓದಿಗೆಂದು ಪೇಟೆಯಲ್ಲಿ ಮನೆ ಮಾಡಿಕೊಂಡಿದ್ದರು. ಎಲ್ಲರಿಗೂ ಅವರು ಅಕ್ಕ. ನಾಲ್ಕನೆಯವಳು ನಾನು. ಐದನೆಯವರು ಮಗಳ ಬಾಣಂತನಕ್ಕೆ ಚಿಂತಾಮಣಿಗೆ ಹೋದವರು ಬರಲೇ ಇಲ್ಲ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಬಾಣಂತನ ಬರುತ್ತಿತ್ತಂತೆ. "ನಿಮ್ಮ ಕಮಿಟಿಗೆ ಸರ್ಕಾರಕ್ಕಿಂತ ಜಾಸ್ತಿ ಮೀಟಿಂಗು" ಎಂದು ನಮ್ಮ ಯಜಮಾನರು ನಗುತ್ತಿದ್ದರು. ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಸರ್ಕಾರದ ಮೀಟಿಂಗು ಹೇಗಿರುತ್ತದೆಂದು ಅವರಿಗೆ ಗೊತ್ತಿತ್ತು.

ಆ ವರ್ಷ ವಿಜಯದಶಮಿಯ ದಿನ ಸಮಾಜದಿಂದ ಶಿಶುವಿಹಾರ ತೆರೆದೆವು. ಛತ್ರದ ಮುಂದಿನ ಕೋಣೆ. ಗೋಡೆಗೆ ಸುಣ್ಣ, ಬಾಗಿಲಿಗೆ ಮಾವಿನ ತೋರಣ, ಒಳಗೆ ಚನ್ನಪಟ್ಟಣದ ಮರದ ಬೊಂಬೆಗಳು, ತೊಲೆಗೆ ಕಟ್ಟಿದ ಒಂದು ಉಯ್ಯಾಲೆ. ರೇಷ್ಮೆ ನೂಲು ತೆಗೆಯುವ ಶೆಡ್ಡುಗಳಲ್ಲಿ ದುಡಿಯುವ ಹೆಂಗಸರ ಮಕ್ಕಳಿಗೆ ಒಂದು ನೆರಳಿರಲಿ ಎಂದು ದೊಡ್ಡಮ್ಮನ ಆಸೆ. ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆ ಎಂದು ಬೋರ್ಡು ಬರೆಸಿದೆವು. ಹತ್ತೂವರೆ ಏಕೆ? ಅಷ್ಟು ಹೊತ್ತಿಗೆ ನಮ್ಮಗಳ ಪೂಜೆ, ನೈವೇದ್ಯ, ಗಂಡಸರ ಊಟ ಎಲ್ಲ ಮುಗಿದಿರುತ್ತಿತ್ತು. ಬೇರೆ ಕಾರಣವನ್ನು ನಾವು ಯಾರೂ ಯೋಚಿಸಲೂ ಇಲ್ಲ. ಆಯಾ ಕೂಡ ಸಾದಲಿಯಿಂದ ಬಸ್ಸಿಗೆ ಬರುವವಳು, ಆ ಹೊತ್ತಿಗೇ ಸರಿಹೋಗುತ್ತಿತ್ತು.

ಮಕ್ಕಳೇ ಬರಲಿಲ್ಲ. ಬಂದವರೆಂದರೆ ಟೀಚರಮ್ಮನ ಅಕ್ಕಪಕ್ಕದ ಮನೆಯ ಮೂರು ಮಕ್ಕಳು. ಅವರಿಗೆ ಮನೆಯಲ್ಲಿ ಅಜ್ಜಿಯೂ ಇದ್ದರು, ಅತ್ತೆಯೂ ಇದ್ದರು, ಆಡಲು ಅಂಗಳವೂ ಇತ್ತು. ಛತ್ರದವರು, "ಕೋಣೆ ಖಾಲಿ ಇದ್ರೆ ಮದುವೆಗಾದ್ರೂ ಕೊಡ್ತೀವಿ" ಎಂದು ರಾಗ ತೆಗೆದರು.

"ತಾಯಂದಿರಿಗೆ ತಿಳಿವಳಿಕೆ ಸಾಲದು. ಹೋಗಿ ಹೇಳ್ಬೇಕು" ಎಂದರು ಟೀಚರಮ್ಮ.

ನಾಲ್ವರೂ ಹೊರಟೆವು. ಆ ಬೀದಿಗೆ ನಾನು ಹೋದದ್ದು ಅದೇ ಮೊದಲು. ಉಟ್ಟುಕೊಳ್ಳುವ ರೇಷ್ಮೆ ಗೊತ್ತಿತ್ತೇ ಹೊರತು ಅದು ಹುಟ್ಟುವ ಜಾಗ ಗೊತ್ತಿರಲಿಲ್ಲ. ಶೆಡ್ಡಿನ ತುಂಬ ಹಬೆ, ಬೆಂದ ಹುಳುವಿನ ವಾಸನೆ. ಸಾಲಾಗಿ ಒಲೆಗಳು, ಒಲೆಯ ಮೇಲೆ ಕುದಿಯುವ ನೀರಿನ ಬಾಣಲೆ, ನೀರಿನಲ್ಲಿ ಕುಣಿಯುವ ಗೂಡುಗಳು. ಒಬ್ಬ ಹೆಂಗಸು ಗೂಡಿನಿಂದ ಎಳೆ ಹಿಡಿದು ಕೊಡುತ್ತಿದ್ದಳು, ಇನ್ನೊಬ್ಬಳು ಚರಕ ತಿರುಗಿಸುತ್ತಿದ್ದಳು. ಎಳೆ ಹಿಡಿಯುವವಳ ಹಿಂದೆ ಒಂದು ಕಂಬ. ಆ ಕಂಬಕ್ಕೆ ಹಳೆ ಸೀರೆಯ ಅಂಚಿನಿಂದ ಒಂದು ಹೆಣ್ಣುಮಗುವಿನ ಸೊಂಟ ಕಟ್ಟಿತ್ತು. ಆಗಷ್ಟೇ ಹೆಜ್ಜೆ ಇಡಲು ಕಲಿತ ಮಗು. ಎದ್ದು ನಾಲ್ಕು ಹೆಜ್ಜೆ ಬರುವುದು, ಪಟ್ಟಿ ಬಿಗಿದಾಗ ಧೊಪ್ಪನೆ ಕೂರುವುದು, ಮತ್ತೆ ಏಳುವುದು.

ಟೀಚರಮ್ಮ ತಡೆಯಲಾರದೆ, "ಕರು ಕಟ್ಟಿದ ಹಾಗೆ ಕಟ್ಟಿದ್ದೀಯಲ್ಲಮ್ಮ ಮಗೂನ!" ಎಂದುಬಿಟ್ಟರು.

ಆ ಹೆಂಗಸು ಎಳೆಯಿಂದ ಕಣ್ಣು ತೆಗೆಯಲಿಲ್ಲ. "ಏಂ ಚೇಸೇದಮ್ಮಾ" ಎಂದು ತೆಲುಗಿನಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದಳು. "ಏನ್ ಮಾಡ್ಲಿ ಹೇಳಿ? ಬಿಟ್ರೆ ಸೀದಾ ಕುದಿಯೋ ನೀರಿಗೇ ಬರ್ತಾಳೆ. ನಮ್ಮನೆಯೋರು ಗಾಡಿ ಕಟ್ಕೊಂಡು ಗೂಡು ತರಾಕೆ ಹೋದ್ರೆ ವಾರ ಬರಲ್ಲ. ಮನೇಲಿ ಇನ್ಯಾರವ್ರೆ? ಈಗ ಅದೂ ತಪ್ತು. ಸಂಕ್ರಾಂತಿ ಆದ್ಮೇಲೆ ಮಕ್ಳನ್ನ ಶೆಡ್ಡಿಗೆ ತರಂಗಿಲ್ಲ ಅಂದವ್ರೆ ಸಾಹೇಬ್ರು."

ಶೆಡ್ಡಿನ ಸಾಹೇಬರು ಬಾಗಿಲಲ್ಲೇ ಇದ್ದರು. ವಯಸ್ಸಾದವರು. "ಹೋದ ತಿಂಗಳು ಪಕ್ಕದ ಶೆಡ್ಡಲ್ಲಿ ಒಂದು ಮಗು ಬಿಸಿನೀರು ಎಳ್ಕೊಂಡ್ತು ಅಮ್ಮಾ. ಉಳೀತು, ಅಲ್ಲಾನ ದಯೆ. ಆ ಕೂಗು ಇನ್ನೂ ಕಿವೀಲಿದೆ. ನನಗೂ ಮೊಮ್ಮಕ್ಕಳಿದ್ದಾರೆ" ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನಮಗೆ ಆಗಲಿಲ್ಲ. ಆದರೆ ಮಗುವನ್ನು ಬಿಡುವ ಜಾಗವಿಲ್ಲದಿದ್ದರೆ ಆ ತಾಯಿ ಕೆಲಸ ಬಿಡಬೇಕು, ಇಲ್ಲವೇ ಬೀಗ ಹಾಕಿದ ಮನೆಯೊಳಗೆ ಮಗುವನ್ನು ಕಟ್ಟಿಹಾಕಿ ಬರಬೇಕು.

ದೊಡ್ಡಮ್ಮ ಮೆಲ್ಲಗೆ ಕೇಳಿದರು, "ನೀನು ಕೆಲಸಕ್ಕೆ ಎಷ್ಟೊತ್ತಿಗೆ ಬರ್ತೀಯಮ್ಮ?"

"ಕೋಳಿ ಕೂಗಿದ ಮೇಲೆ ಒಲೆ ಹಚ್ತಾರೆ. ಆವಾಗ್ಲೇ."

ದೊಡ್ಡಮ್ಮ ನಮ್ಮ ಮುಖ ನೋಡಿದರು. ಹಿಂತಿರುಗುವ ದಾರಿಯುದ್ದಕ್ಕೂ ಬೋರ್ಡಿನ ಹತ್ತೂವರೆ ಎಲ್ಲರ ಕಣ್ಣ ಮುಂದೆಯೂ ಇತ್ತು.

ಮರುದಿನ ಕೂಡಿದಾಗ ದೊಡ್ಡಮ್ಮ ಕೂರುವ ಮೊದಲೇ, "ಬೆಳಗಿನ ಜಾವ ಬಾಗಿಲು ತೆಗೀಬೇಕು" ಎಂದರು.

"ಆಯಾ ಬರೋದು ಬಸ್ಸಿಗೆ. ತೆಗೆಯೋರು ಯಾರು?" ಟೀಚರಮ್ಮ ಕೇಳಿದರು.

"ನಾವು."

"ಮೂರು ವರ್ಷ ತುಂಬಿದ ಮಕ್ಕಳಿಗೆ ಮಾತ್ರ ಅಂತ ನಿಯಮ ಇದೆ. ಆ ಮಗೂಗೆ ಒಂದೂವರೆ" ಎಂದರು ಟೀಚರಮ್ಮ.

"ನಿಯಮ ಮಾಡಿದೋರು ಯಾರು?"

"ನಾವೇ."

"ಸರಿ ಹೋಯ್ತಲ್ಲ. ದೇವರು ಮಾಡಿದ್ದಾಗಿದ್ರೆ ಕಷ್ಟ ಇತ್ತು."

ಅಕ್ಕ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ತುಳಸಿ ಪೂಜೆ, ಯಜಮಾನರ ಕಾಫಿ, ಅತ್ತೆಯವರ ಬಿಸಿನೀರು ಎಲ್ಲ ಮನಸ್ಸಿನಲ್ಲಿ ಸಾಲು ನಿಂತಿದ್ದವು. ಅದು ದೊಡ್ಡಮ್ಮನಿಗೆ ತಿಳಿಯಿತು. "ಬರೋ ವಾರ ಧನುರ್ಮಾಸ ಕಣೇ. ಹೇಗೂ ನಕ್ಷತ್ರ ಇರೋವಾಗ್ಲೇ ಏಳ್ತೀವಲ್ಲ. ಪೂಜೆ ಮುಗಿಸಿ, ಹುಗ್ಗಿ ನೈವೇದ್ಯ ಮಾಡಿ, ಅದೇ ಹುಗ್ಗಿ ತಗೊಂಡು ಹೋಗಣ. ಮಕ್ಕಳು ತಿನ್ನಲಿ" ಎಂದರು. ನನ್ನ ಎದೆಯಿಂದ ಒಂದು ಕಲ್ಲು ಇಳಿಯಿತು. ಏಳುವ ಅಭ್ಯಾಸವನ್ನು ದೇವರೇ ಮೊದಲು ಮಾಡಿಸಿಟ್ಟಿದ್ದ.

ಅಕ್ಕ ರಾಗಿ ಕಣದ ಕೆಲಸಕ್ಕೆ ಊರಿಗೆ ಹೋದರು. ಉಳಿದ ಮೂವರು ಧನುರ್ಮಾಸದ ಮೊದಲ ದಿನವೇ ಲಾಟೀನು ಹಿಡಿದು ಛತ್ರಕ್ಕೆ ಹೋದೆವು. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಮಡಿಸೀರೆ, ಒದ್ದೆ ತುರುಬು, ಕೈಯಲ್ಲಿ ಬಿಸಿ ಹುಗ್ಗಿಯ ಪಾತ್ರೆ. ಮನೆಗೆ ಹಿಂತಿರುಗಿ ಅದೇ ಮಡಿಯಲ್ಲಿ ಅಡುಗೆಗೆ ನಿಲ್ಲಬೇಕಲ್ಲ, ಹಾಗಾಗಿ ಮಣೆಗಳ ಮೇಲೆ ಮುದುರಿ ಕುಳಿತೆವು.

ಶೆಡ್ಡಿಗೆ ಮೊದಲೇ ಹೇಳಿಕಳಿಸಿದ್ದೆವು, ಆ ತಾಯಿ ಬಂದಳು. ಮಗು ಕಂಕುಳಲ್ಲಿತ್ತು. ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದಳು.

"ಅಲ್ಲೇ ಇಳಿಸಮ್ಮ, ತಾನೇ ನಡ್ಕೊಂಡು ಬರ್ಲಿ" ಎಂದರು ದೊಡ್ಡಮ್ಮ. ಪ್ರೀತಿಯಿಂದಲೇ ಹೇಳಿದ್ದು. ಜೊತೆಗೆ ಸೆರಗನ್ನು ಸ್ವಲ್ಪ ಎಳೆದುಕೊಂಡರು, ಅದು ಕೈಯ ಅಭ್ಯಾಸ.

ಅವಳು ಮಗುವನ್ನು ಇಳಿಸಲಿಲ್ಲ. "ನಾಳೆ ಬರ್ತೀನಮ್ಮಾ" ಎಂದು ಹೊರಟುಹೋದಳು. ನಾಳೆಯೂ ಹಾಗೇ ಆಯಿತು. ಬೇರೆ ಕೆಲವರು ಬೀದಿಯ ಆಚೆ ನಿಂತು ನೋಡಿ ಶೆಡ್ಡಿನ ಕಡೆ ನಡೆದುಬಿಡುತ್ತಿದ್ದರು. ನಾವು ಹುಗ್ಗಿ ಮುಂದಿಟ್ಟುಕೊಂಡು ದೇವರನಾಮ ಹೇಳಿಕೊಂಡು, ಬೆಳಕಾದ ಮೇಲೆ ಅದನ್ನು ಹೊತ್ತುಕೊಂಡು ಮನೆಗೆ ಬರುತ್ತಿದ್ದೆವು. ನಮ್ಮ ಯಜಮಾನರು ಆ ಹುಗ್ಗಿಯನ್ನು ದಿನಾ ತಿಂದು ತಿಂದು, "ಮಕ್ಕಳು ಯಾವಾಗ ಬರ್ತಾರೆ?" ಎಂದು ಕಾಳಜಿಯಿಂದ ಕೇಳತೊಡಗಿದರು.

ಸಂಕ್ರಾಂತಿ ಹತ್ತಿರವಾಯಿತು. ಊರಿಂದ ಬಂದ ಅಕ್ಕ ಒಂದು ಮುಂಜಾನೆ ನಮ್ಮ ಜೊತೆ ಕುಳಿತರು. ತಾಯಿ ಬಂದದ್ದು, ನಿಂತದ್ದು, ತಿರುಗಿದ್ದು ಎಲ್ಲವನ್ನೂ ನೋಡಿದರು. ಆಮೇಲೆ ಅವರ ಮಾಮೂಲಿ ದೊಡ್ಡ ದನಿಯಲ್ಲಿ, "ನೀವು ಮೂರು ಜನ ಹಿಂಗೆ ಸೆರಗು ಮುದುರ್ಕೊಂಡು ಗೌರಮ್ಮನ ಥರಾ ಕೂತಿದ್ರೆ ಯಾರು ಮಗು ಕೊಡ್ತಾರೆ ದೊಡ್ಡಮ್ಮ? ಮುಟ್ಟಿಬಿಟ್ರೆ ಏನಂತಾರೋ ಅಂತ ಅವಳಿಗೆ ಜೀವ ಹೊಡ್ಕೊಳ್ತಾ ಇದೆ" ಎಂದರು.

ದೊಡ್ಡಮ್ಮನ ಮುಖ ಕೆಂಪಾಯಿತು. "ನಾನು ಮುಟ್ಟಬೇಡ ಅಂದ್ನಾ?"

"ಅನ್ನಲಿಲ್ಲ. ಬಾ ಅಂತ ಕೈ ಚಾಚಲೂ ಇಲ್ಲ."

ಆ ದಿನ ದೊಡ್ಡಮ್ಮ ನಮಗೆ ಯಾರಿಗೂ ಕಾಯದೆ ಲಾಟೀನು ಹಿಡಿದು ಹೊರಟುಹೋದರು. ಕೋಪ ಬಂದಿದೆ, ನಾಳೆ ಬರುವುದಿಲ್ಲ ಎಂದುಕೊಂಡೆ. ಮಾರನೆಯ ಬೆಳಿಗ್ಗೆ ನಾನೂ ಅಕ್ಕನೂ ಹೋಗುವ ಹೊತ್ತಿಗೆ ಅವರು ಮಣೆಯ ಮೇಲೆ ಕೂತಿರಲಿಲ್ಲ. ಹೊಸ್ತಿಲ ಹೊರಗೆ, ಮಂಜಿನಲ್ಲಿ ನಿಂತಿದ್ದರು. ಉಟ್ಟಿದ್ದದ್ದು ಮಡಿಸೀರೆಯೇ. ತಾಯಿ ದೂರದಲ್ಲಿ ಕಾಣಿಸಿದೊಡನೆ ಎರಡೂ ಕೈ ಚಾಚಿ ಎದುರು ಹೋದರು. ಅವಳು ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಮಗು ದೊಡ್ಡಮ್ಮನ ಸೊಂಟದಲ್ಲಿತ್ತು.

ಮಗು ಅವರ ಮೂಗುಬೊಟ್ಟು ನೋಡಿತು, ತುಟಿ ಸೊಟ್ಟ ಮಾಡಿತು, ಆಮೇಲೆ ನಿಶ್ಚಿಂತೆಯಿಂದ ಮಡಿಸೀರೆಯ ಮೇಲೆ ಒಂದಕ್ಕೆ ಮಾಡಿಬಿಟ್ಟಿತು.

ತಾಯಿ "ಅಯ್ಯಯ್ಯೋ, ಅಮ್ಮಾವ್ರೇ!" ಎಂದು ಎರಡೂ ಕೈ ಬಾಯಿಗೆ ಇಟ್ಟುಕೊಂಡಳು. ದೊಡ್ಡಮ್ಮ ಸೀರೆ ನೋಡಿಕೊಂಡರು. ಆ ಚಳಿಯಲ್ಲಿ ಮತ್ತೆ ತಣ್ಣೀರಿನ ಸ್ನಾನ ಕಾದಿತ್ತು.

"ಬಿಡು, ಬಿಸಿಯಾಗಿದೆ. ನೀನು ಹೋಗಮ್ಮ, ಒಲೆ ಹಚ್ಚಿರ್ತಾರೆ" ಎಂದರು.

ಅಕ್ಕ ಗೋಡೆ ಹಿಡಿದುಕೊಂಡು ನಕ್ಕರು. ತಾಯಿಗೂ ತಡೆಯಲಾಗಲಿಲ್ಲ. ನಗುತ್ತಾ ಅಳುತ್ತಾ ಶೆಡ್ಡಿಗೆ ಓಡಿದಳು. ಬೀದಿಯ ಆಚೆ ನಿಂತಿದ್ದ ಇನ್ನಿಬ್ಬರು ಇದನ್ನೆಲ್ಲ ನೋಡಿದ್ದರು. ಅಂದೇ ಅವರ ಮಕ್ಕಳೂ ಬಂದವು. ಆಯಾ ಬರುವ ತನಕ ನಮ್ಮಲ್ಲೊಬ್ಬರು ಸರದಿಯ ಮೇಲೆ ಮಕ್ಕಳ ಜೊತೆ ಇರುವುದು, ಆಮೇಲೆ ಶೆಡ್ಡು ಬಿಡುವ ತನಕ ಆಯಾ ಎಂದು ಮಾಡಿಕೊಂಡೆವು. ನಮ್ಮ ಯಜಮಾನರಿಗೆ ಅಂದು ಹುಗ್ಗಿ ಉಳಿಯಲಿಲ್ಲ.

ಮಾರನೆಯ ದಿನದಿಂದ ದೊಡ್ಡಮ್ಮ ಸಾದಾ ಸೀರೆಯಲ್ಲಿ ಬಂದರು. ಮನೆಗೆ ಹೋದ ಮೇಲೆ ಸ್ನಾನ, ಆಮೇಲೆ ಪೂಜೆ. ಧನುರ್ಮಾಸದಲ್ಲಿ ಬೆಳಕಾದ ಮೇಲೆ ಪೂಜೆಯೇ ಎಂದು ಅವರ ಅತ್ತಿಗೆ ಆಡಿಕೊಂಡರಂತೆ. "ದೇವರಿಗೆ ಹಸಿವು ತಡ್ಕೊಳ್ಳೋಕೆ ಬರುತ್ತೆ, ಮಕ್ಕಳಿಗೆ ಬರಲ್ಲ" ಎಂದು ಹೇಳಿ ಬಂದೆ ಎಂದರು ದೊಡ್ಡಮ್ಮ. ನಾನು ಪೂಜೆಗೆ ಬಹಳ ಅಂಜುವವಳು. ಆದರೂ ಅವರ ಹಿಂದೆ ನಾನೂ ಹಾಗೇ ಮಾಡಿದೆ. ಮನೆಯಲ್ಲಿ ದೀಪ ಹಚ್ಚುವುದು ತಡವಾದರೂ ನಮ್ಮ ದೇವರ ಮುಖದಲ್ಲಿ ಒಂದು ದಿನವೂ ಸಿಟ್ಟು ಕಾಣಲಿಲ್ಲ.

ಸಂಕ್ರಾಂತಿ ಬಂತು. ಮಕ್ಕಳಿಗೆ ಎಳ್ಳುಬೆಲ್ಲ ಹಂಚಿದೆವು. ಅಂದು ಸಂಜೆ ನನಗೆ ಹೊಸ ಅಂಜಿಕೆ ಹಿಡಿಯಿತು. ಧನುರ್ಮಾಸ ಮುಗಿಯಿತು, ಇನ್ನು ನಕ್ಷತ್ರ ಇರುವಾಗ ಏಳಲು ಶಾಸ್ತ್ರದ ಒತ್ತಾಯವಿಲ್ಲ. ನಾಳೆಯಿಂದಲೇ ಸಾಹೇಬರ ಮಾತು ಜಾರಿಗೆ ಬರುತ್ತದೆ. ಬಾಗಿಲು ತೆಗೆಯದಿದ್ದರೆ ಆ ಮಗು ಎಲ್ಲಿ ಹೋಗಬೇಕು? ನಾಳೆ ಯಾರ ಸರದಿ ಎಂದು ಹಬ್ಬದ ಗದ್ದಲದಲ್ಲಿ ಗೊತ್ತುಮಾಡಿಕೊಂಡೇ ಇರಲಿಲ್ಲ. ಟೀಚರಮ್ಮನಿಗೆ ನೆಗಡಿ, ಅಕ್ಕನ ಮನೆ ತುಂಬ ನೆಂಟರು, ದೊಡ್ಡಮ್ಮನಿಗೆ ಮಂಡಿನೋವು. ನಾನೇ ಹೋಗಬೇಕು ಎಂದು ನಿಶ್ಚಯಿಸಿ ಮಲಗಿದೆ.

ಕೋಳಿ ಕೂಗುವ ಮೊದಲೇ ಹೊರಟೆ. ಛತ್ರದ ಬೀದಿ ತಿರುಗಿದರೆ ಎದುರಿಗೆ ಒಂದು ಲಾಟೀನು ಬರುತ್ತಿತ್ತು, ಅದರ ಹಿಂದೆ ಟೀಚರಮ್ಮನ ಸೀನು. ಆಚೆ ಕಡೆಯಿಂದ ಕಂಬಳಿ ಹೊದ್ದ ಅಕ್ಕ. ಬಾಗಿಲಲ್ಲಿ ಬೀಗದ ಕೈ ತಿರುಗಿಸುತ್ತಾ ನಿಂತಿದ್ದವರು ದೊಡ್ಡಮ್ಮ.

"ನೀವೆಲ್ಲ ಯಾಕೆ ಬಂದ್ರಿ?" ಎಂದು ಗದರಿಸಿದರು.

"ನೀವು ಬರಲ್ಲ ಅಂತ" ಎಂದರು ಅಕ್ಕ.

"ನಾನೂ ನಿಮ್ಮನ್ನ ಹಾಗೇ ಅಂದ್ಕೊಂಡೆ" ಎಂದು ದೊಡ್ಡಮ್ಮ ಬಾಗಿಲು ತಳ್ಳಿದರು.

ತಾಯಿ ಆಗಲೇ ಜಗುಲಿಯ ಮೇಲೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಬಾಗಿಲು ತೆಗೆಯುತ್ತಾರೋ ಇಲ್ಲವೋ ಎಂದು ಬಹಳ ಹೊತ್ತಿನಿಂದ ಕಾದಿದ್ದಳೆಂದು ಅವಳ ತಲೆಯ ಮೇಲಿನ ಮಂಜಿನ ಹನಿ ಹೇಳುತ್ತಿತ್ತು. ನಾಲ್ಕು ಲಾಟೀನು ನೋಡಿ ಎದ್ದು ನಿಂತಳು. ಮಗುವನ್ನು ಕೊಡಲು ದೊಡ್ಡಮ್ಮನ ಕಡೆ ತಿರುಗಿದಳು. ಅಷ್ಟರಲ್ಲಿ ಮಗು ತಾನೇ ಜಾರಿ ಕೆಳಗಿಳಿದು, ಹೊಸ್ತಿಲನ್ನು ಕೈಯೂರಿ ದಾಟಿ, ಕತ್ತಲೆಯ ಕೋಣೆಯೊಳಗೆ ಉಯ್ಯಾಲೆ ಇದ್ದ ಕಡೆಗೆ ನಡೆದುಬಿಟ್ಟಿತು. ಅಕ್ಕ ಲಾಟೀನು ಹಿಡಿದು ಹಿಂದೆ ಓಡಿದರು. ಮಗು ನಾಲ್ಕು ಹೆಜ್ಜೆಗೆ ನಿಲ್ಲಲಿಲ್ಲ, ಬೀಳಲೂ ಇಲ್ಲ.

ಮಗಳು ತಿರುಗುತ್ತಾಳೆಂದು ತಾಯಿ ಕಾದಳು.

"ನೋಡಿದ್ರಾ ಅಮ್ಮಾ! ಒಂದ್ಸಲನಾದ್ರೂ ಹಿಂತಿರುಗಿ ನೋಡಿದ್ಲಾ ಮುಂಡೇದು!" ಎಂದು ನಮ್ಮ ನಾಲ್ವರಿಗೂ ಚಾಡಿ ಹೇಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಲೆ ಹಚ್ಚುವ ಹೊತ್ತಾಯಿತೆಂದು ಶೆಡ್ಡಿನ ಕಡೆ ದಾಪುಗಾಲು ಹಾಕಿದಳು.