ಅವ್ವನ ಹಣೆಗೆ ಒತ್ತಿದ ಪರದೇಶದ ಕಾಸು

ಖಾಸಗಿ ಬಸ್ಸಿನ ಕಂಡಕ್ಟರನಿಗೆ ನಡೆಯದ ನಾಣ್ಯ ಬರುವುದು ಬೆಳಗಿನ ನೂಕುನುಗ್ಗಲಿನಲ್ಲಿ. ಚನ್ನಗಿರಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ನ್ಯಾಮತಿ, ಇದು ನನ್ನ ದಾರಿ. ಕಾಲೇಜು ಮಕ್ಕಳು, ಸಂತೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು ಎಲ್ಲರೂ ಒಟ್ಟಿಗೆ ಕೈ ಚಾಚಿದಾಗ ಯಾರು ಏನು ಕೊಟ್ಟರು ಎಂದು ನೋಡುತ್ತ ನಿಂತರೆ ಮುಂದಿನ ಸ್ಟಾಪು ಬಂದುಬಿಡುತ್ತದೆ. ಸಂಜೆ ಚೀಲ ಸುರಿದಾಗ ಯಾವುದೋ ದೇಶದ ಕಾಸೊಂದು ನನ್ನನ್ನು ಅಣಕಿಸುವಂತೆ ಬಿದ್ದಿರುತ್ತಿತ್ತು. ಕೊಲ್ಲಿ ದೇಶದಿಂದ ರಜೆಗೆ ಬಂದ ಡ್ರೈವರುಗಳ ಜೇಬಿನಿಂದ ಕೆಲವು, ಕೂದಲೆಣ್ಣೆ ಮಾರಲು ಆಫ್ರಿಕಾದ ಊರೂರು ಸುತ್ತಿ ಬರುವ ಚನ್ನಗಿರಿ ಕಡೆಯ ಜನರಿಂದ ಕೆಲವು. ಬೇಕೆಂದೇ ಕೊಟ್ಟರೋ ಗೊತ್ತಿಲ್ಲದೆ ಕೊಟ್ಟರೋ, ನನಗಂತೂ ಮೈ ಉರಿಯುತ್ತಿತ್ತು. ಅಂಥ ಕಾಸನ್ನು ಮರುದಿನ ಎರಡು ಒಳ್ಳೆಯ ನಾಣ್ಯಗಳ ನಡುವೆ ಇಟ್ಟು ಇನ್ನೊಬ್ಬರ ಕೈಗೆ ದಾಟಿಸುವುದು ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವ ಕೆಲಸ. ಅದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿತ್ತು.

ಒಂದು ಬೇಸಿಗೆಯಲ್ಲಿ ಜಗಳೂರು ಲೈನಿನ ಕಂಡಕ್ಟರ್ ಕಾಲು ಮುರಿದುಕೊಂಡ. ಬಸ್ಸಿನ ಮಾಲೀಕರು ತಿಂಗಳ ಮಟ್ಟಿಗೆ ನನ್ನನ್ನು ಅಲ್ಲಿಗೆ ಹಾಕಿದರು. ಆ ಕಡೆ ಬಿಸಿಲು ಜೋರು, ನನ್ನ ತಲೆ ಮೊದಲೇ ಬಿಸಿ. ಒಂದು ಮಧ್ಯಾಹ್ನ ದಾರಿಯಲ್ಲಿ ಮುದುಕಿಯೊಬ್ಬಳು ಹತ್ತಿದಳು. ಟಿಕೆಟ್ ಕೇಳಿದರೆ, "ಹೆಂಗಸರಿಗೆ ಪುಕ್ಕಟೆ ಅಲ್ಲೇನಪ್ಪ?" ಎಂದಳು.

"ಅದು ಸರ್ಕಾರಿ ಬಸ್ಸು. ಇದು ಪ್ರೈವೇಟು. ದುಡ್ಡು ತೆಗಿ."

ಸೆರಗಿನ ಗಂಟು ಬಿಚ್ಚಿ ಒಂದೇ ಒಂದು ನಾಣ್ಯ ಕೊಟ್ಟಳು. ಅಂಚು ಒಂದು ಬಣ್ಣ, ನಡುವೆ ಇನ್ನೊಂದು ಬಣ್ಣ, ಮೇಲ್ನೋಟಕ್ಕೆ ನಮ್ಮ ಹತ್ತು ರೂಪಾಯಿಯಂತೆಯೇ ಇತ್ತು. ತಿರುಗಿಸಿ ನೋಡಿದರೆ ಆಫ್ರಿಕಾದ್ದು. ಇದು ನಡೆಯಲ್ಲ ಎಂದೆ. ಹತ್ತು ರೂಪಾಯಿ ನಾಣ್ಯ ಬಂದ್ ಆಗಿದೆ ಎಂಬ ಸುಳ್ಳುಸುದ್ದಿ ನಮ್ಮ ಕಡೆ ಹಬ್ಬಿ ವರ್ಷಗಳಾಗಿವೆ, ಎಷ್ಟೋ ಅಂಗಡಿಯವರು ಈಗಲೂ ಮುಟ್ಟುವುದಿಲ್ಲ. ನಾನೂ ಅದೇ ತಕರಾರು ತೆಗೆದೆ ಎಂದು ಮುದುಕಿ ಅಂದುಕೊಂಡಳು. "ಸಿಂಹ ಐತಲ್ಲಪ್ಪ, ಸರ್ಕಾರದ್ದೇ ಐತೆ. ನಡೆಯಂಗಿಲ್ಲ ಅಂದ್ರೆ ಹೆಂಗೆ?" ಎಂದು ಇಡೀ ಬಸ್ಸಿಗೆ ಕೇಳುವಂತೆ ವಾದಕ್ಕೆ ನಿಂತಳು. ನಾಣ್ಯದ ಮೇಲೆ ಸಿಂಹ ಇದ್ದದ್ದು ನಿಜ. ಜನ ನಕ್ಕರು. ಅವಳನ್ನು ನೋಡಿ ನಕ್ಕರೋ ನನ್ನನ್ನು ನೋಡಿ ನಕ್ಕರೋ ತಿಳಿಯದೆ ಸಿಟ್ಟು ನೆತ್ತಿಗೇರಿತು. ಸೀಟಿ ಊದಿ ಬಸ್ ನಿಲ್ಲಿಸಿದೆ. ಮುಂದಿನ ಊರು ಬಿಳಿಚೋಡು ಇನ್ನೂ ಎರಡು ಮೈಲಿ ಇತ್ತು, ಅಲ್ಲಿ ಒಂದು ಮರವೂ ಇರಲಿಲ್ಲ. ಅವಳು ಒಂದೊಂದೇ ಮೆಟ್ಟಿಲು ಹಿಡಿದು ಇಳಿದಳು. ನಾಣ್ಯ ವಾಪಸ್ ಕೊಡಬೇಕೆಂದು ನೆನಪಾಗುವಷ್ಟರಲ್ಲಿ ಡ್ರೈವರ್ ಬಸ್ ಬಿಟ್ಟಾಗಿತ್ತು.

ಅವತ್ತು ನ್ಯಾಮತಿಗೆ ಮನೆಗೆ ಬಂದು ಇದನ್ನು ಅಭಿನಯ ಸಮೇತ ಹೇಳಿದೆ. ಮುದುಕಿಯ ಸ್ವರ, ನನ್ನ ಸೀಟಿ, ಎಲ್ಲ ಮಾಡಿ ತೋರಿಸಿದೆ. ಹೆಂಡತಿ ನಕ್ಕಳು. ಅವ್ವ ಎಲೆಗೆ ಸುಣ್ಣ ಸವರುತ್ತಿದ್ದವಳು, "ಅಂಥಾ ಬಿಸಿಲಾಗೆ ಇಳಿಸಿದ್ಯಾ?" ಎಂದಷ್ಟೇ ಕೇಳಿದಳು. ಆರು ವರ್ಷದ ಮಗಳು ಮಾತ್ರ ಬಿಡಲಿಲ್ಲ.

"ಆ ಅಜ್ಜಿ ಆಮ್ಯಾಲೆ ಹೆಂಗೆ ಹೋದ್ಲು?"

"ನಡ್ಕಂಡು ಹೋಗಿರ್ತಾಳೆ ಬಿಡು."

"ನಮ್ಮಜ್ಜಿ ತರ ಮಂಡಿ ನೋವಿದ್ರೆ?"

ಅವಳ ಬಾಯಿ ಮುಚ್ಚಿಸಲು ಆ ನಾಣ್ಯವನ್ನೇ ಅವಳ ಕೈಗಿಟ್ಟೆ. ಸಿಂಹ ನೋಡಿ ಹುಡುಗಿ ಎಲ್ಲ ಮರೆತಳು. ಹೀಗೆ ಶುರುವಾಯಿತು ನಮ್ಮ ಸಂಗ್ರಹ.

ಅಲ್ಲಿಂದ ಮುಂದೆ ನಾನು ನಡೆಯದ ಕಾಸನ್ನು ದಾಟಿಸುವುದು ಬಿಟ್ಟೆ. ಚೀಲದಲ್ಲಿ ಸಿಕ್ಕಿದರೆ ಅಂಗಿಯ ಮೇಲು ಜೇಬಿಗೆ ಹಾಕಿಕೊಳ್ಳುತ್ತಿದ್ದೆ, ಮನೆಗೆ ಬಂದ ಕೂಡಲೇ ಅವಳು ಜೇಬಿಗೆ ಕೈ ಹಾಕುತ್ತಿದ್ದಳು. ಅವಳದ್ದೇ ಒಂದು ಕಾನೂನು ಇತ್ತು. ದೊಡ್ಡ ಬೆಲೆಯ ನಾಣ್ಯ ಬೇಡ, ಆಯಾ ದೇಶದ ಚಿಕ್ಕ ಕಾಸು ಮಾತ್ರ. ಅದಕ್ಕೆ ಅವಳು ಇಟ್ಟ ಹೆಸರು ಮಕ್ಕಳ ದುಡ್ಡು. "ಎಲ್ಲಾ ದೇಶದಾಗೂ ಮಕ್ಕಳಿಗೆ ಪೆಪ್ಪರಮೆಂಟು ತಗಳ್ಳಾಕೆ ಕೊಡ್ತಾರಲ್ಲ, ಅದು," ಎಂದು ನನಗೆ ಪಾಠ ಮಾಡಿದಳು. ಭಾನುವಾರ ಅವಳನ್ನು ಹೊನ್ನಾಳಿಗೂ ಚನ್ನಗಿರಿಗೂ ಕರೆದುಕೊಂಡು ಹೋಗುತ್ತಿದ್ದೆ. ಹೊನ್ನಾಳಿಯ ಹೋಟೆಲಿನ ಗಲ್ಲಾದವನು ಡ್ರಾಯರಿನ ಮೂಲೆಯಲ್ಲಿ ಬಿಸಾಕಿದ್ದನ್ನೆಲ್ಲ ಕೆದಕಿ ಕೊಟ್ಟ. ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಎಣ್ಣೆ ಸೀಸೆ ಇಟ್ಟುಕೊಂಡು ಕೂರುವ ಹೆಂಗಸೊಬ್ಬಳು ಎರಡು ಸಲ ಆಫ್ರಿಕಾಕ್ಕೆ ಹೋಗಿ ಬಂದವಳು. ಅವಳು ಮಗಳನ್ನು ಎದುರಿಗೆ ಕೂರಿಸಿಕೊಂಡು, ಯಾವ ಕಾಸಿಗೆ ಅಲ್ಲಿ ಒಂದು ಬಾಳೆಹಣ್ಣು ಬರುತ್ತದೆ, ಯಾವುದಕ್ಕೆ ಬರೀ ಬೆಂಕಿಪೊಟ್ಟಣ ಬರುತ್ತದೆ ಎಂದು ಹೇಳುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ. ಹದಿನೈದು ವರ್ಷ ಬಸ್ಸಿನಲ್ಲೇ ಕಳೆದ ನಾನು ಜಿಲ್ಲೆ ದಾಟಿದ್ದು ಬೆರಳೆಣಿಕೆಯಷ್ಟು ಸಲ.

ಕಾಸಿನ ಡಬ್ಬಿ ಇರುತ್ತಿದ್ದದ್ದು ಅವ್ವನ ಮಂಚದ ಕೆಳಗೆ. ಅವ್ವನ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಎಂದರೆ ಹೌಹಾರುತ್ತಿದ್ದಳು. ಮಗಳು ಒಂದೊಂದೇ ಕಾಸನ್ನು ಅವಳ ಅಂಗೈಗೆ ಹಾಕಿದರೆ ಹೆಬ್ಬೆರಳಿನಲ್ಲಿ ಸವರಿ ಗುರುತು ಹಿಡಿಯುತ್ತಿದ್ದಳು. ತೂತಿನದ್ದು, ಹಲ್ಲಿನದ್ದು, ಮೂಲೆ ಇರುವುದು. ತಪ್ಪು ಹೇಳಿದರೆ ಮಗಳು ಅವಳ ಕೆನ್ನೆ ಹಿಂಡಬಹುದು ಎಂಬ ಕರಾರು. ಅವ್ವ ಬೇಕೆಂದೇ ತಪ್ಪು ಹೇಳುತ್ತಿದ್ದಳು. ಈಗ ಯೋಚಿಸಿದರೆ ನಮ್ಮ ಮನೆ ಅಷ್ಟು ಸುಖವಾಗಿ ಇದ್ದದ್ದು ಆ ಒಂದು ವರ್ಷವೇ.

ಅವ್ವ ಹೋದದ್ದು ಒಂದು ಬೆಳಗ್ಗೆ, ಕಾಫಿ ಲೋಟ ಕೈಯಲ್ಲಿರುವಾಗ. ಫೋನ್ ಬಂದಾಗ ನಾನು ಹೊನ್ನಾಳಿ ಸ್ಟ್ಯಾಂಡಿನಲ್ಲಿದ್ದೆ. ಚೀಲವನ್ನು ಇನ್ನೊಬ್ಬನ ಹೆಗಲಿಗೆ ಹಾಕಿ, ಸಿಕ್ಕ ಟೆಂಪೋ ಹತ್ತಿ ಬಂದೆ. ಅಷ್ಟರಲ್ಲಿ ಮೀಯಿಸಿ, ಹೊಸ ಸೀರೆ ಉಡಿಸಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಮನೆ ತುಂಬ ಜನ. ನಮ್ಮಲ್ಲಿ ಹೋದವರ ಹಣೆಗೆ ವಿಭೂತಿಯ ಮೇಲೆ ಒಂದು ರೂಪಾಯಿ ನಾಣ್ಯ ಒತ್ತುತ್ತಾರೆ. ದಾರಿಗೆ ಇರಲಿ ಎಂದು ಹಿರಿಯರು ಹೇಳುತ್ತಾರೆ. ನಮ್ಮ ದೊಡ್ಡಪ್ಪ ವಿಭೂತಿ ಕಲಸಿಟ್ಟುಕೊಂಡು, "ಒಂದು ರೂಪಾಯಿ ಕೊಡ್ರಪ್ಪ," ಎಂದು ಕೈ ಚಾಚಿದರು.

ಯಾರ ಹತ್ತಿರವೂ ಇರಲಿಲ್ಲ. ಈ ಕಾಲದಲ್ಲಿ ಚಿಲ್ಲರೆ ಯಾರು ಇಟ್ಟುಕೊಳ್ಳುತ್ತಾರೆ? ಅಷ್ಟು ಜನ ಗಂಡಸರು ಜೇಬು ತಡಕಿದರು, ಎಲ್ಲರ ಜೇಬಿನಿಂದಲೂ ಫೋನೇ ಬಂತು. ಒಬ್ಬರು ಐನೂರರ ನೋಟು ತೆಗೆದು ಮತ್ತೆ ಒಳಗಿಟ್ಟರು. ದೊಡ್ಡಪ್ಪನ ಕೈ ಹಾಗೇ ಚಾಚಿತ್ತು. "ಕಂಡಕ್ಟರ್ ಮನಿಯಾಗೆ ಒಂದು ರೂಪಾಯಿ ಇಲ್ವಾ?" ಎಂದು ಯಾರೋ ಅಂದರು. ನನಗೆ ಅವಮಾನವಾಯಿತು. ತಾಯಿ ಸತ್ತ ಹೊತ್ತಿನಲ್ಲೂ ನನಗೆ ಅವಮಾನವಾಗುತ್ತದೆ, ಅದು ನನ್ನ ಹುಟ್ಟುಗುಣ. ಮೇಲು ಜೇಬಿನಲ್ಲಿ ಒಂದು ಕಾಸಿತ್ತು, ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಬಂದದ್ದು, ಮಲೇಶಿಯಾದ್ದಂತೆ. ಬೆಳ್ಳಗೆ, ನಮ್ಮ ರೂಪಾಯಿಗಿಂತ ತುಸು ಸಣ್ಣದು, ಒಂದು ಬದಿಗೆ ಹೂವು. ಪಕ್ಕದ ಅಂಗಡಿಗೆ ಓಡಿದ್ದರೆ ಎರಡು ನಿಮಿಷದ ಕೆಲಸ. ನಾನು ಓಡಲಿಲ್ಲ. ಆ ಕಾಸನ್ನು ಬೆರಳ ಸಂದಿಯಲ್ಲಿ ಹಿಡಿದು ದೊಡ್ಡಪ್ಪನ ಅಂಗೈಗೆ ದಾಟಿಸಿದೆ. ಬಸ್ಸಿನಲ್ಲಿ ದಾಟಿಸುತ್ತಿದ್ದೆನಲ್ಲ, ಹಾಗೆಯೇ. ದೊಡ್ಡಪ್ಪ ನೋಡಲಿಲ್ಲ. ಅವ್ವನ ಹಣೆಯ ನಡುವೆ ಇಟ್ಟು ಒತ್ತಿದರು.

ಗೊತ್ತಿಲ್ಲದೆ ಮಾಡಿದೆ ಎಂದು ಹೇಳಲು ನನಗೆ ಬಾಯಿಲ್ಲ. ಗೊತ್ತಿದ್ದೇ ಮಾಡಿದೆ. ಮಣ್ಣು ಹಾಕುವವರೆಗೂ ಅದು ಅಲ್ಲೇ ಇತ್ತು.

ಮೂರನೆಯ ದಿನ ಸಮಾಧಿಗೆ ಹಾಲು-ತುಪ್ಪ ಬಿಟ್ಟು ಬಂದು ಜಗುಲಿಯಲ್ಲಿ ಕೂತಿದ್ದೆ. ಮಗಳು ಬಂದು ಸ್ವಲ್ಪ ದೂರದಲ್ಲಿ ಕೂತಳು. ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ, ಡಬ್ಬಿಯನ್ನೂ ಮುಟ್ಟಿರಲಿಲ್ಲ. ಅಜ್ಜಿಯನ್ನು ನೆನೆಸಿಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದೆವು.

"ಅಪ್ಪ, ಅಜ್ಜಿ ಹಣೆ ಮ್ಯಾಲೆ ಇದ್ದದ್ದು ಹೂವಿನ ಕಾಸು. ಅದು ಮಕ್ಕಳ ದುಡ್ಡು."

ಕೊನೆಯ ಸಲ ನೋಡಲಿ ಎಂದು ನನ್ನ ತಂಗಿ ಅವಳನ್ನು ಎತ್ತಿಕೊಂಡು ಹತ್ತಿರ ಹಿಡಿದಿದ್ದಳು. ಆಗ ನೋಡಿದ್ದಾಳೆ.

"ಅದು ಅಲ್ಲಿ ನಡೆಯುತ್ತಾ?"

"ನಡೆಯುತ್ತೆ. ಅಲ್ಲಿ ಎಲ್ಲಾ ದೇಶದ್ದೂ ನಡೆಯುತ್ತೆ."

"ನಿಂಗೆ ಹೆಂಗೆ ಗೊತ್ತು?"

"ಗೊತ್ತು."

"ನಡೆಯದಿದ್ರೆ ಅಜ್ಜೀನ ದಾರಿಯಾಗೆ ಇಳಿಸ್ತಾರೆ," ಎಂದಳು. ಪ್ರಶ್ನೆಯಂತೆ ಹೇಳಲಿಲ್ಲ, ತಿಳಿದವಳಂತೆ ಹೇಳಿದಳು. ನಾನೇ ಕಲಿಸಿದ್ದಲ್ಲವೇ, ಸೀಟಿ ಊದಿ, ಅಭಿನಯ ಸಮೇತ.

ಆಮೇಲೆ ಅವಳು ನನ್ನ ಪಕ್ಕ ಮಲಗುವುದು ಬಿಟ್ಟಳು. ಹೆಂಡತಿಯ ಆ ಬದಿಗೆ ಹೋಗಿ ಗೋಡೆಗೆ ಅಂಟಿಕೊಂಡು ಮಲಗುತ್ತಿದ್ದಳು. ಬೆಳಗ್ಗೆ ಏಳುವಾಗ ಅಳುತ್ತ ಏಳುತ್ತಿದ್ದಳು. ಕೇಳಿದರೆ, "ಅಜ್ಜಿ ನಡೀತಿದ್ಲು, ಚಪ್ಪಲಿ ಇರಲಿಲ್ಲ," ಎನ್ನುತ್ತಿದ್ದಳು. ಬೇರೆಯವರು ಮಂತ್ರ ಹಾಕಿಸಿ ಎಂದರು, ತಾಯತ ಕಟ್ಟಿಸಿ ಎಂದರು. ಒಂದು ಮಧ್ಯಾಹ್ನ ನಾನೇ ಯಾರಿಗೂ ಹೇಳದೆ ಸಮಾಧಿಗೆ ಹೋಗಿ ಮಣ್ಣು ಕೆದಕಿ ಒಂದು ರೂಪಾಯಿ ಹೂತು ಬಂದೆ. ಮಗಳಿಗೆ ಹೇಳಿದಾಗ, "ಅಜ್ಜಿ ಈಗ ಅಲ್ಲಿಲ್ಲ ಅಪ್ಪ. ಹೊರಟಾಯ್ತು," ಎಂದಳು.

ನನ್ನ ಪಾಡು ಇನ್ನೊಂದು ಬಗೆ. ಟಿಕೆಟ್ ಕೊಟ್ಟು ಮುಗಿಸಿ ಬಸ್ಸಿನ ಹಿಂದಿನಿಂದ ಮುಂದಕ್ಕೆ ತಲೆ ಎಣಿಸುವುದು ನನ್ನ ರೂಢಿ. ಅವ್ವ ಹೋದ ಮೇಲೆ ಕೆಲವು ದಿನ ಟಿಕೆಟಿಗಿಂತ ಒಂದು ತಲೆ ಹೆಚ್ಚು ಬರತೊಡಗಿತು. ಮತ್ತೆ ಎಣಿಸಿದರೆ ಸರಿಯಾಗುತ್ತಿತ್ತು. ಸಾಸ್ವೇಹಳ್ಳಿ ದಾಟಿದ ಮೇಲೆ ಎಡಗಡೆ ಕಿಟಕಿಗೆ ಒರಗಿದ ಒಂದು ಬಿಳಿ ತುರುಬು ಕಾಣುತ್ತಿತ್ತು. ಹತ್ತಿರ ಹೋದರೆ ಯಾರದೋ ಚೀಲ, ಯಾರದೋ ಟವೆಲು. ನಿದ್ದೆ ಇಲ್ಲದ್ದಕ್ಕೆ ಹೀಗೆ ಎಂದು ನಾನೇ ಹೇಳಿಕೊಂಡೆ. ಆದರೂ ಹತ್ತಿರ ಹೋಗುವ ಮೊದಲು ನನ್ನ ಕಾಲು ತಡೆಯುತ್ತಿತ್ತು. ಹೆದರಿಕೆ ಆಗುತ್ತಿತ್ತು ಎಂದು ನೇರವಾಗಿ ಹೇಳುವುದೇ ಸರಿ. ಹೆತ್ತವಳಿಗೆ ಹೆದರುವ ಸ್ಥಿತಿ ಯಾರಿಗೂ ಬರಬಾರದು.

ಒಂದು ದಿನ ಮಗಳು ಕೇಳಿದಳು, "ಅವತ್ತು ಇಳಿಸಿದ್ಯಲ್ಲ, ಆ ಅಜ್ಜಿ ಊರು ಮುಟ್ಟಿದ್ಲಾ?" ಅವಳ ಲೆಕ್ಕ ನನಗೆ ಅರ್ಥವಾಯಿತು. ಆ ಮುದುಕಿ ಊರು ಮುಟ್ಟಿದ್ದರೆ ತನ್ನಜ್ಜಿಯೂ ಮುಟ್ಟುತ್ತಾಳೆ. "ಬಾ, ಕೇಳ್ಕಂಡು ಬರಾಣ," ಎಂದೆ. ಸಿಂಹದ ಕಾಸು ತೆಗೆದುಕೊಂಡು ಭಾನುವಾರ ಇಬ್ಬರೂ ಬಿಳಿಚೋಡಿಗೆ ಹೋದೆವು. ಮುದುಕಿ ಸಿಕ್ಕರೆ ಕಾಲು ಹಿಡಿದುಕೊಳ್ಳಲೂ ನಾನು ಸಿದ್ಧನಿದ್ದೆ. ಮಗಳು ನೆಮ್ಮದಿಯಾಗಿ ಮಲಗಿದರೆ ಸಾಕಿತ್ತು.

ಬಸ್ ಸ್ಟಾಪಿನ ಎದುರಿಗೆ ಒಂದು ಚಹದ ಅಂಗಡಿ. ಅಂಗಡಿಯವನಿಗೆ ಎಲ್ಲ ಬಿಡಿಸಿ ಹೇಳಿದೆ, ಇಂಥ ಬೇಸಿಗೆ, ಇಂಥ ಹೊತ್ತು, ಬಸ್ಸಿನಿಂದ ಇಳಿಸಿದ್ದರು ಎಂದು. ಇಳಿಸಿದವನು ನಾನೇ ಎಂದು ಮಾತ್ರ ಹೇಳಲಿಲ್ಲ. ಅವನು ಲೋಟ ತೊಳೆಯುತ್ತಲೇ, "ದುಡ್ಡಿಲ್ಲ ಅಂತ ಮುದುಕೇರ್ನ ಇಳಿಸೋದು ಈ ದಾರ್ಯಾಗೆ ದಿನಾ ಐತೆ ಬಿಡ್ರಿ. ಅದ್ರಾಗೆ ಯಾವ ಮುದುಕಿ ಅಂತ ಹುಡುಕ್ತೀರಿ?" ಎಂದ. ಬೆಂಚಿನ ಮೇಲಿದ್ದವರು ಹೌದೆಂದು ತಲೆಯಾಡಿಸಿದರು. ಮಗಳು ಎಲ್ಲರ ಮುಖವನ್ನೂ ಸರದಿಯಲ್ಲಿ ನೋಡಿದಳು. ಊರೊಳಗೆ ನಾಲ್ಕಾರು ಮನೆಯಲ್ಲಿ ಕೇಳಿದೆವು. ಯಾರಿಗೂ ಗೊತ್ತಿರಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಅವಳು ಕಿಟಕಿ ಕಡೆ ಕೂತಳು. ಕಂಡಕ್ಟರ್ ಹತ್ತಿರ ಬರುತ್ತಿದ್ದಂತೆ ಅವಳು ಕಿಟಕಿಗೆ ಒತ್ತಿಕೊಂಡಳು. ನಾನು ಟಿಕೆಟ್ ತೆಗೆದುಕೊಂಡು, ಅವನು ಮುಂದೆ ಹೋದ ಮೇಲೆ ಕೇಳಿದೆ.

"ಕೂಸೇ, ಕನಸಿನಾಗೆ ಅಜ್ಜೀನ ಯಾರು ಇಳಿಸ್ತಾರೆ?"

"ಕಂಡಕ್ಟರ್."

"ಹೆಂಗೆ ಇರ್ತಾನೆ ಅವನು?"

ಅವಳು ಕಿಟಕಿಯ ಸರಳು ಹಿಡಿದುಕೊಂಡು ಹೊರಗೇ ನೋಡುತ್ತಿದ್ದಳು.

"ನೀನೇ ಅಪ್ಪ," ಎಂದಳು. "ಅಜ್ಜಿ ನಿನ್ನ ಹೆಸರು ಹಿಡ್ದು ಕರೀತಾಳೆ. ನೀನು ಸೀಟಿ ಊದ್ತೀಯ."

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, ಯಾಕಪ್ಪ ಅಳ್ತೀಯ ಎಂದು ಕೇಳಿದಾಗಲೇ ನಾನು ಅಳುತ್ತಿದ್ದದ್ದು ನನಗೆ ತಿಳಿದದ್ದು.

ಮರುದಿನ ಬೆಳಗ್ಗೆ ಖಾಕಿ ಅಂಗಿ ಹಾಕಿಕೊಂಡು ಹೊರಟೆ. ಮಗಳು ಬಾಗಿಲ ಹಿಂದೆ ಸರಿದು ನಿಂತು, ಅಲ್ಲಿಂದಲೇ ಮೆಲ್ಲಗೆ ಹೇಳಿದಳು.

"ಅಪ್ಪ, ಅಜ್ಜಿ ನಿನ್ನ ಬಸ್ ಹತ್ತಿದ್ರೆ ದುಡ್ಡು ಕೇಳಬ್ಯಾಡ."

"ಕೇಳಲ್ಲ," ಎಂದೆ.

"ಇಳಿಸಬ್ಯಾಡ."

"ಇಳಿಸಲ್ಲ ಕೂಸೇ."

ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಮಾರನೆಯ ಬೆಳಗ್ಗೆಯೂ ಬಾಗಿಲ ಹಿಂದೆ ನಿಂತು ಅದನ್ನೇ ಹೇಳಿದಳು.