ಸ್ಯಾಂಟೊರಿನಿಯಿಂದ ಬಂದ ಬಾಟಲಿ ನೀರು

ಹದಿನೆಂಟು ವರ್ಷಗಳಿಂದ ನಂಜನಗೂಡಿನ ಟೂರ್ ಬಸ್ಸುಗಳ ಜೊತೆ ಅಡುಗೆಗೆ ಹೋಗುವ ಗುರುಸಿದ್ದಮ್ಮ ಹೊಸ ಊರನ್ನು ನಂಬುವುದು ಅಲ್ಲಿನ ನೀರು ನೋಡಿದ ಮೇಲೆಯೇ. ಟೂರ್ ನಡೆಸುವ ಅಮೃತೇಶ್ ಮೊದಲು ತಾನೊಬ್ಬನೇ ಹೋಗಿ ಬಂದು, ಒಂದು ಬಾಟಲಿ ನೀರು ತಂದುಕೊಡಬೇಕು. ಅದರಲ್ಲಿ ಆಕೆ ಒಂದು ಹಿಡಿ ನೆನೆದ ಕಡಲೆಕಾಳು ಬೇಯಿಸುತ್ತಾಳೆ. ಕಾಳು ಮೆತ್ತಗಾದರೆ ಸರಿ. ಆಗದಿದ್ದರೆ ಬಸ್ಸಿಗೆ ಊರಿನಿಂದಲೇ ನೀರಿನ ಕ್ಯಾನು ಏರುತ್ತದೆ. ಆಕೆ ಹೂಂ ಅಂದರೆ ಮಾತ್ರ ಕವಲಂದೆ, ನರಸೀಪುರದ ಹೆಂಗಸರು ಹೆಸರು ಕೊಡುವುದು. ಪರಸ್ಥಳದಲ್ಲಿ ಹೊಟ್ಟೆ ಕೆಟ್ಟರೆ ಅವರು ಕೇಳುವುದು ಅಮೃತೇಶನನ್ನಲ್ಲ, ಇವಳನ್ನು.

ಈ ಸಲ ಬಸ್ಸಲ್ಲ, ವಿಮಾನದ ಟೂರು; ಅವನು ಫೋನಿನಲ್ಲಿ ತೋರಿಸಿದ್ದು ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪ. ಕಡಿದಾದ ಬಂಡೆಯ ನೆತ್ತಿಯಲ್ಲಿ ಬಿಳಿ ಮನೆಗಳು, ನೀಲಿ ಗುಮ್ಮಟ, ಕೆಳಗೆ ಕಡಲು.

“ಸೂರ್ಯ ಮುಳುಗೋದ ನೋಡಕ್ಕೇ ಪ್ರಪಂಚದ ಜನ ಬತ್ತಾರೆ ಕಣವ್ವ.”

“ನಮ್ ಮುಡುಕುತೊರೇಲೂ ಮುಳುಗ್ತಾನೆ. ಒಳೆ ಎಲ್ಲದೆ?”

“ಒಳೆ ಇಲ್ಲ. ನಲ್ಲಿ ನೀರು ಉಪ್ಪುಪ್ಪಂತೆ. ಕುಡಿಯಕ್ಕೆ ಬಾಟ್ಲಿ ನೀರು.”

“ಆ ನಲ್ಲಿ ನೀರ್ನೇ ತಕಬಾ.”

ಮೂರು ವಾರದ ಮೇಲೆ ನೀರು ಬಂತು, ಬಾಟಲಿಯ ಬಾಯಿಗೆ ಟೇಪು ಸುತ್ತಿಕೊಂಡು. “ಓಟ್ಲು ನಲ್ಲೀದೇ ಕಣವ್ವ” ಎಂದ ಅಮೃತೇಶ್. ಜಗಲಿಯಲ್ಲಿ ಹೆಂಗಸರು ಕಾದು ಕೂತಿದ್ದರು. ಅವರಲ್ಲಿ ನರಸೀಪುರದ ಚಲುವಮ್ಮ ಒಳಗೆ ಬಂದು ಪಿಸುಗುಟ್ಟಿದಳು: “ಅಕ್ಕಾ, ಓದ ಮಂಗ್ಳಾರ ಇವನ್ನ ನಮ್ಮೂರ ಬಸ್‌ಸ್ಟ್ಯಾಂಡಲ್ಲಿ ಕಂಡಂಗಾಯ್ತು.”

ಚಲುವಮ್ಮನ ಕಣ್ಣಿಗೆ ಪೊರೆ ಬಂದಿದೆ, ಅವಳ ಮಾತು ಹಿಡಿದು ಒಬ್ಬನನ್ನು ಸುಳ್ಳ ಅನ್ನುವುದು ಹೇಗೆ? ಆದರೆ ಬಾಗಿಲಲ್ಲಿ ನಿಂತ ಅಮೃತೇಶ್ ಅಂಗಿಯ ಗುಂಡಿಯನ್ನು ಯಾಕೆ ಹಾಗೆ ತಿರುವುತ್ತಿದ್ದಾನೆ? ಬಾಟಲಿಗೆ ಟೇಪು ಯಾಕೆ?

ಗುರುಸಿದ್ದಮ್ಮ ಕಾಳು ಒಲೆಯ ಮೇಲಿಟ್ಟಳು. ದಿನಾ ಮನೆಗೆ ಬರುವ ಕಪಿಲಾ ಹೊಳೆಯ ನೀರಿನಲ್ಲಿ ಬೇಯುವಷ್ಟೇ ಹೊತ್ತಿಗೆ ಕಾಳು ಬೆರಳಲ್ಲಿ ಹಿಟ್ಟಾಯಿತು. ಬಾಟಲಿಯಲ್ಲಿ ಉಳಿದಿದ್ದನ್ನು ಬಾಯಿಗೆ ಹಾಕಿಕೊಂಡಳು. ಉಪ್ಪಿನ ಸುಳಿವೇ ಇಲ್ಲ.

“ಅಮೃತೇಶಾ, ಓಗಿದ್ಯೇನಪ್ಪ?”

ಅವನು ನೆಲ ನೋಡಿದ. “ವೀಸಾ ಬರ್ನಿಲ್ಲ ಕಣವ್ವ. ನೀನ್ ಹೂಂ ಅನ್ದೆ ಒಬ್ರೂ ಬರಕಿಲ್ಲ, ಅದ್ಕೇ... ಆ ಫೋಟೋ ಮಾತ್ರ ಸುಳ್ಳಲ್ಲ, ನಂಜುಂಡೇಶ್ವರನಾಣೆ.”

“ಫೋಟೋ ಸುಳ್ಳು ಅಂದ್ನೇ ನಾನು?”

ಜಗಲಿಗೆ ಬಂದು ಹೇಳಿದಳು: “ಯಾರೂ ಎಸ್ರು ಕೊಡ್ಬ್ಯಾಡಿ ಕಣ್ರವ್ವ. ಇವ ಇನ್ನೂ ಓಗೇ ಇಲ್ಲ.”

“ನಂಗೆ ಪೊರೆ ಅಂತೀರಲ್ಲ!” ಎಂದಳು ಚಲುವಮ್ಮ.

ಗುರುಸಿದ್ದಮ್ಮ ಬಾಟಲಿ ತೊಳೆದು, ಸೆರಗಿನಲ್ಲಿ ಒರೆಸಿ, ಅಮೃತೇಶನ ಕೈಗಿಟ್ಟಳು.

“ವೀಸಾ ಬಂದಾಗ ಓಗಿ ತುಂಬ್ಕ ಬಾ. ಟೇಪ್ ಸುತ್ಬ್ಯಾಡ.”