ಪಟ್ಟಿಯ ಕೊನೆಯ ವಾದ್ಯ

ಟೋರ್ಸ್‌ಲಾಂಡದ ಸ್ವೀಡಿಷ್ ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದ ಚೀನೀ ಹಿರಿಯರೊಬ್ಬರ ಕೆಲಸ ಕಾರಿನ ಬಾಗಿಲು ಮುಚ್ಚುವ ಸದ್ದನ್ನು ಪರೀಕ್ಷಿಸುವುದು. ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕೇಳುತ್ತಿದ್ದರು. ಭಾನುವಾರ ಅದೇ ಓರೆ ತಲೆಯಲ್ಲಿ ಚೀನೀ ಜನಪದ ವಾದ್ಯವೃಂದವೊಂದನ್ನು ನಡೆಸುತ್ತಿದ್ದರು. ಮುಂದೆ ಎರಡೇ ತಂತಿಯ ಎರ್ಹು, ಪಕ್ಕದಲ್ಲಿ ಮೀಟುವ ಪೀಪಾ, ಹಿಂದೆ ಕೊಳಲುಗಳು. ಮಂದ್ರಕ್ಕೆ ಮಾತ್ರ ಸ್ವೀಡಿಷ್ ಹುಡುಗಿಯೊಬ್ಬಳ ಚೆಲ್ಲೊ. ಬಿದಿರಿನ ಕೊಳವೆಗಳ ಶೆಂಗ್ ಒಂದು ಸ್ವರ ಊದಿದರೆ ಎಲ್ಲರೂ ಅದಕ್ಕೇ ಶ್ರುತಿ ಮಾಡಿಕೊಳ್ಳಬೇಕು.

"ಮೊದ್ಲು ಕೇಳು, ಆಮೇಲೆ ಬಾರ್ಸು," ಎನ್ನುವುದು ಅವರ ಮಾತು.

ಜಾಗಟೆಗೆ ಜನ ಇಲ್ಲವೆಂದು ಸಹೋದ್ಯೋಗಿಯಾದ ನನ್ನನ್ನು ಕರೆದರು. ಉಳಿದವರು ಮೆಲ್ಲಗೆ ನುಡಿಸುವಾಗ ಅರವತ್ತನಾಲ್ಕು ಎಣಿಕೆ ಸುಮ್ಮನಿದ್ದು ಒಂದೇ ಪೆಟ್ಟು ಕೊಡಬೇಕು. ಬಸವನಗುಡಿಯಲ್ಲಿ ಬೆಳೆದ ನನ್ನ ಕೈ ತನ್ನಷ್ಟಕ್ಕೇ ತೊಡೆಯ ಮೇಲೆ ಆದಿತಾಳ ಹಾಕತೊಡಗಿತು. ಎಂಟು ಆವರ್ತವಾದರೆ ಲೆಕ್ಕ ಸರಿ. ನಾಲ್ಕನೆಯದರಲ್ಲೇ ಅವರು ಎಲ್ಲರನ್ನೂ ನಿಲ್ಲಿಸಿದರು.

"ಇದ್ಯಾವ ಡ್ರಮ್? ನಾನ್ ಬರ್ದಿದ್ರಲ್ಲಿ ಇಲ್ವಲ್ಲ."

"ಸಾರಿ, ನನ್ ತೊಡೆ," ಎಂದೆ. ಜಾಗಟೆಯ ಅವಕಾಶ ಕೈತಪ್ಪಿತೆಂದೇ ಅಂದುಕೊಂಡೆ.

ಅವರ ತಲೆ ಓರೆಯಾಯಿತು. "ಇನ್ನೊಂದ್ಸಲ ಹಾಕು."

ಎಂಟು ಆವರ್ತವನ್ನೂ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನಮ್ಮನ್ನು ಫಿಕಾಗೆ, ಅಂದರೆ ಕಾಫಿ ವಿರಾಮಕ್ಕೆ, ಬಿಟ್ಟರು.

ಕಾರ್ಯಕ್ರಮದ ದಿನ ಬಾಗಿಲಲ್ಲಿ ಹಂಚಿದ ಹಾಳೆಯಲ್ಲಿ ವಾದ್ಯಗಳ ಪಟ್ಟಿಯಿತ್ತು. ಎರ್ಹು ಆರು, ಪೀಪಾ ಎರಡು, ಕೊಳಲು ಮೂರು, ಶೆಂಗ್ ಒಂದು, ಚೆಲ್ಲೊ ಒಂದು, ಜಾಗಟೆ ಒಂದು.

ಅದರ ಕೆಳಗೆ, ತೊಡೆ ಒಂದು.